ಯಂತ್ರ ಓದದೆ ಬಿಟ್ಟ ಸಾಲು

ಕಳೆದ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಕೆಸರೆಯ ಪುಟ್ಟಸ್ವಾಮಿ ತಮ್ಮ ಕಾನೂನು ಕಾಲೇಜಿನ ಮೊದಲ ಮಹಡಿಯಲ್ಲಿ, ಬೀಗ ಹಾಕಿದ ಕೊಠಡಿಯೊಂದರ ಮುಂದೆ ಮೌಖಿಕ ಪರೀಕ್ಷೆಗಾಗಿ ಕಾಯುತ್ತಿದ್ದರು. ಪರೀಕ್ಷೆ ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯ ಕಟ್ಟಡದಲ್ಲಿ ನಡೆಯುತ್ತಿತ್ತು.

ಕೊನೆಗೆ ಮೆಟ್ಟಿಲು ಗುಡಿಸಲು ಬಂದ ಹೆಂಗಸು ಕೇಳಿದರು: "ಯಾಕಪ್ಪಾ ಇಲ್ಲಿ ನಿಂತಿದ್ದೀಯ? ಎಲ್ಲಾ ಆ ಹೊಸ ಬಿಲ್ಡಿಂಗ್‌ಗೆ ಹೋದ್ರಲ್ಲ."

ಪುಟ್ಟಸ್ವಾಮಿ ಆಟೊ ಹಿಡಿದು ಅಲ್ಲಿಗೆ ತಲುಪುವಷ್ಟರಲ್ಲಿ ಪರೀಕ್ಷಕರು ಹೊರಟುಹೋಗಿದ್ದರು. ಅವರ ಹೆಸರಿನ ಮುಂದೆ 'ಗೈರು' ಎಂದು ಬಿದ್ದಾಗಿತ್ತು. ಅದು ಕೊನೆಯ ವರ್ಷದ ಕೊನೆಯ ವಿಷಯ. ಅದಾಗದೆ ಪದವಿ ಇಲ್ಲ. ಪದವಿ ಇಲ್ಲದೆ ವಕೀಲಿ ಇಲ್ಲ.

ಪುಟ್ಟಸ್ವಾಮಿಗೆ ಕಣ್ಣು ಕಾಣುವುದಿಲ್ಲ. (ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಇಷ್ಟರಲ್ಲಿ ನೀವು 'ಅಯ್ಯೋ ಪಾಪ' ಎಂದಾಗಿರುತ್ತಿತ್ತು. ಅದು ಅವರಿಗೆ ಬೇಡ.) ಅವರು ದಾರಿ ತಪ್ಪಿರಲಿಲ್ಲ. ಹೊತ್ತೂ ತಪ್ಪಿರಲಿಲ್ಲ. ಹೇಳಿದ ಸಮಯಕ್ಕಿಂತ ಮುಂಚೆಯೇ ಬಂದಿದ್ದರು. ಕಾಲೇಜು ಕಳಿಸಿದ ನೋಟಿಸನ್ನು ಹಿಂದಿನ ದಿನ ಕಂಪ್ಯೂಟರಿನಿಂದ ಓದಿಸಿ, ಎರಡು ಸಲ ಕೇಳಿಸಿಕೊಂಡಿದ್ದರು.

ಹಾಗಾದರೆ ತಪ್ಪಿದ್ದು ಎಲ್ಲಿ?

ಕೆಸರೆಯಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ಅಂಧರಿಗಾಗಿ ಒಂದು ಓದುಮನೆ ಇದೆ. ಕೆಳಗೆ ಗಿರಣಿ ಓಡುವಾಗ ಮೇಲೆ ಮೇಜು, ಕುರ್ಚಿ, ಲೋಟದ ನೀರು ಎಲ್ಲವೂ ಸಣ್ಣಗೆ ನಡುಗುತ್ತವೆ. ನಾನು ಶನಿವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಅಚ್ಚಾದ ಅಕ್ಷರವನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಕೈಬರಹ ಅದಕ್ಕೆ ಆಗದು. ಆ ಕೆಲಸ ನನ್ನದು. ಪುಟ್ಟಸ್ವಾಮಿಯ ಪರಿಚಯ ಆದದ್ದು ಹಾಗೆ, ಅವರ ಸಹಪಾಠಿಯೊಬ್ಬರ ಕೋಳಿಕಾಲು ಬರಹದ ನೋಟ್ಸ್ ಓದುತ್ತಾ. ಹಗಲು ಅವರಿಗೆ ಕಚೇರಿಯೊಂದರಲ್ಲಿ ಫೋನ್ ಎತ್ತುವ ಕೆಲಸ. ಸಂಜೆ ಕಾನೂನು ತರಗತಿ.

ಆ ವಾರದ ಶನಿವಾರ ಅವರು ನೋಟ್ಸ್ ತಂದಿರಲಿಲ್ಲ. ಒಂದು ಹಾಳೆ ತಂದಿದ್ದರು.

"ಸಾರ್, ಕಾಲೇಜಿನ ನೋಟಿಸು ಪ್ರಿಂಟ್ ತೆಗೆಸ್ಕೊಂಡು ಬಂದಿವ್ನಿ. ಇದನ್ನ ಕೈಲಿ ಇಟ್ಕೊಳಿ. ನಾನು ಮೆಷಿನ್ ಕೈಲಿ ಓದಿಸ್ತೀನಿ. ಅದು ಹೇಳೋದೂ ಇದ್ರಲ್ಲಿರೋದೂ ಒಂದೇನಾ ನೋಡಿ."

ಯಂತ್ರ ಓದಿತು. ಇಂಥ ಬುಧವಾರ ಬೆಳಿಗ್ಗೆ ಮೌಖಿಕ ಪರೀಕ್ಷೆ. ವಿದ್ಯಾರ್ಥಿಗಳು ಗುರುತಿನ ಚೀಟಿ ತರತಕ್ಕದ್ದು. ತಡವಾಗಿ ಬಂದವರಿಗೆ ಅವಕಾಶ ಇರುವುದಿಲ್ಲ. ಪ್ರಾಂಶುಪಾಲರು.

ಹಾಳೆಯಲ್ಲಿ ಗುರುತಿನ ಚೀಟಿಗೂ ತಡವಾಗಿ ಬಂದವರಿಗೂ ನಡುವೆ ಇನ್ನೊಂದು ಸಾಲಿತ್ತು. ಇಂಗ್ಲಿಷ್ ಸಾಲು. ಪರೀಕ್ಷೆಯ ಸ್ಥಳ ಬದಲಾಗಿದೆ, ಹೊಸ ಕಟ್ಟಡಕ್ಕೆ ಬನ್ನಿ ಎಂದು.

ಯಂತ್ರ ಆ ಸಾಲಿನ ಬಳಿ ತಡವರಿಸಲಿಲ್ಲ. ಕೆಮ್ಮಲಿಲ್ಲ. ಒಂದು ಉಸಿರಿನಷ್ಟೂ ನಿಲ್ಲಲಿಲ್ಲ. ಅಂಥದ್ದೊಂದು ಸಾಲು ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂಬಂತೆ ದಾಟಿ ಹೋಯಿತು.

"ಮಧ್ಯದಲ್ಲಿ ಇಂಗ್ಲಿಷ್ ಲೈನ್ ಐತಾ?" ಪುಟ್ಟಸ್ವಾಮಿ ಕೇಳಿದರು.

"ಇದೆ."

"ಏನಂತೆ?"

ಓದಿ ಹೇಳಿದೆ. ಅವರು ನಕ್ಕರು. "ಸರಿ ಬುಡಿ. ಈ ಮೆಷಿನ್ ಬಂದಾಗಿಂದ ಇದ್ರಲ್ಲೇ ಓದ್ತಿರೋದು ನಾನು. ಇನ್ನೂ ಎಲ್ಲೆಲ್ಲಿ ಏನೇನು ನುಂಗೈತೋ!"

ಕನ್ನಡ ನೋಟಿಸಿನ ಹೊಟ್ಟೆಯಲ್ಲಿ ಇಂಗ್ಲಿಷ್ ಸಾಲು ಹೇಗೆ ಬಂತು ಎಂದು ಕೇಳುವ ಅಗತ್ಯ ನಮ್ಮೂರಿನವರಿಗೆ ಇಲ್ಲ. ನೋಟಿಸ್ ಮೊದಲೇ ಟೈಪ್ ಆಗಿರುತ್ತದೆ. ಕೊನೆ ಗಳಿಗೆಯಲ್ಲಿ ಏನೋ ಬದಲಾಗುತ್ತದೆ. ಕನ್ನಡ ಟೈಪ್ ಮಾಡುವವರು ಅಷ್ಟರಲ್ಲಿ ಊಟಕ್ಕೆ ಎದ್ದಿರುತ್ತಾರೆ. ಇದ್ದವರು ಇಂಗ್ಲಿಷಿನಲ್ಲಿ ಒಂದು ಸಾಲು ತುರುಕಿ ಕಳಿಸುತ್ತಾರೆ. ನಮಗೆ ಅದು ಕಣ್ಣಿಗೂ ಬೀಳದಷ್ಟು ರೂಢಿ. ಮುಖ್ಯವಾದ ಮಾತು ಯಾವಾಗಲೂ ಆ ಸಾಲಿನಲ್ಲೇ ಇರುತ್ತದೆ ಎಂಬುದೂ ರೂಢಿ.

(ಫೋನ್ ಓದಿ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹೇಳುತ್ತದೆ. ಆದರೆ ತಮ್ಮ ಫೋನಿನ ದನಿ 'ನ್ಯಾಯಾಧಿಕರಣ' ಎಂಬ ಪದಕ್ಕೆ ಬಂದಾಗ ಎಡವಿ ಬೀಳುತ್ತದೆ ಎನ್ನುತ್ತಾರೆ ಪುಟ್ಟಸ್ವಾಮಿ. ಹಾಗಾಗಿ ಕಾಲೇಜಿನಿಂದ ಬಂದದ್ದನ್ನೆಲ್ಲ ಅವರು ಓದುಮನೆಯಲ್ಲೇ ಕೇಳುತ್ತಾರೆ.)

ಈ ಓದುವ ತಂತ್ರಾಂಶದ ಹೆಸರು 'ಓದುದನಿ'. ಬರೆದವರು ಗೋಕುಲಂನ ರುಕ್ಮಿಣಿ. ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಾರೆ. ತಂತ್ರಾಂಶವನ್ನು ಬೇಕೆಂದವರಿಗೆಲ್ಲ ಪುಕ್ಕಟೆ ಕೊಡುತ್ತಾರೆ. ಫೋನ್ ಮಾಡಿದಾಗ ಅವರು ನಂಬಲಿಲ್ಲ. "ಇಂಗ್ಲಿಷ್ ಓದಲೇಬೇಕಲ್ಲ ಸಾರ್. ಇಲ್ಲಾಂದ್ರೆ ಅದು ಇನ್‌ಸ್ಟಾಲೇ ಆಗಬಾರದು!" ಎಂದರು. ಮರುದಿನ ತಾವೇ ಸ್ಕೂಟರ್ ಹತ್ತಿ ಬಂದರು. ಓದುಮನೆಗೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ರಾಜೀವನಗರದ ಹರೀಶ್ ಅವರನ್ನೂ ಕರೆಸಿದರು. ಹರೀಶ್ ಅವರದ್ದು ಕಂಪ್ಯೂಟರ್ ರಿಪೇರಿ ಅಂಗಡಿ. ಊರಿನ ಸೇವಾ ಸಂಘವೊಂದು ಈ ಹಳೆಯ ಯಂತ್ರಗಳನ್ನು ದಾನ ಕೊಟ್ಟಾಗ, ಅವುಗಳಿಗೆ ತಂತ್ರಾಂಶ ಹಾಕಿದವರು ಅವರೇ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಬರುತ್ತದೆ. ಪುಟ ತಿರುಗಿಸಬೇಡಿ.

ಓದುದನಿಯಂಥ ತಂತ್ರಾಂಶ ಸಿದ್ಧ ಊಟದ ಡಬ್ಬಿಯಂತೆ ಬರುವುದಿಲ್ಲ. ದಿನಸಿ ಮತ್ತು ಮಾಡುವ ವಿಧಾನ, ಎರಡೂ ಸೇರಿದ ಗಂಟಿನಂತೆ ಬರುತ್ತದೆ. ಆಯಾ ಕಂಪ್ಯೂಟರಿನಲ್ಲೇ ಅಡುಗೆ ಆಗಬೇಕು. ಆ ಮಾಡುವ ವಿಧಾನಕ್ಕೆ ಬಿಲ್ಡ್ ಸ್ಕ್ರಿಪ್ಟ್ ಎನ್ನುತ್ತಾರೆ. ಇದಾದ ಮೇಲೆ ಇದು ಮಾಡು ಎಂದು ಕಂಪ್ಯೂಟರಿಗೆ ಸಾಲಾಗಿ ಕೊಟ್ಟ ಆದೇಶ ಅದು.

ಎಲ್ಲವನ್ನೂ ಒಬ್ಬರೇ ಬರೆಯುವುದು ಈ ಲೋಕದಲ್ಲಿ ಇಲ್ಲ. ದನಿ ಹೊರಡಿಸುವ ಭಾಗ ಯಾರೋ ಬರೆದದ್ದು. ಇಂಗ್ಲಿಷ್ ಉಚ್ಚರಿಸುವ ಭಾಗ ಇನ್ಯಾರೋ ಬರೆದದ್ದು. ಬಳಕೆಯ ಕೈಪಿಡಿಯನ್ನು ಅಂದವಾಗಿ ಪುಟ ಕಟ್ಟಿಕೊಡುವ ಉಪಕರಣ ಮತ್ಯಾರದ್ದೋ. ರುಕ್ಮಿಣಿಯವರ ತಂತ್ರಾಂಶ ಇವೆಲ್ಲವನ್ನೂ ನೆಚ್ಚಿಕೊಂಡಿದೆ. ಇವು ಆ ಕಂಪ್ಯೂಟರಿನಲ್ಲಿ ಮೊದಲೇ ಇರಬೇಕು. ಇವೆಯೇ ಎಂದು ಬಿಲ್ಡ್ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ.

ಇಲ್ಲದಿದ್ದರೆ ಏನು ಮಾಡಬೇಕು? ಕೇಳಲು ಸಣ್ಣ ಪ್ರಶ್ನೆ. ಒಬ್ಬ ಮನುಷ್ಯನ ಪದವಿ ಅದರ ಮೇಲೆ ನಿಂತಿತ್ತು.

"ಏನ್ ಮಾಡಿದ್ರಿ ಹರೀಶ್?" ರುಕ್ಮಿಣಿ ಕೇಳಿದರು.

"ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ ಸ್ಕ್ರಿಪ್ಟು ಹಾಕಿದ ತಕ್ಷಣ ಇದು ಇಲ್ಲ ಅಂತ ನಿಂತ್ಕೊಳ್ತು. ಅದನ್ನ ತಂದು ಹಾಕಿದ್ರೆ, ಇನ್ನೊಂದು ಇಲ್ಲ ಅಂತ ನಿಂತ್ಕೊಳ್ತು. ಅದನ್ನೂ ಹಾಕಿದ್ರೆ ಮತ್ತೊಂದು. ಹುಡುಗಿ ಮನೆಯವರು ಒಂದೊಂದೇ ಕೇಳ್ದಂಗೆ!"

"ಹುಡುಗನ ಮನೆಯವರು ಕೇಳೋದು ಕಣ್ರೀ."

"ಯಾರೋ ಒಬ್ರು ಬುಡಿ ಮೇಡಂ. ಕೊನೇಗೆ ಕೈಪಿಡಿ ಪುಟ ಕಟ್ಟೋ ಟೂಲ್ ಇಲ್ಲ ಅಂತ ನಿಲ್ಲಿಸ್ತು ನೋಡಿ, ಆಗ ತಲೆ ಕೆಡ್ತು. ಈ ಮನೇಲಿ ಕೈಪಿಡಿ ಪ್ರಿಂಟ್ ಹಾಕಿ ನೋಡೋರು ಯಾರು? ಅದಕ್ಕೆ ಚೆಕ್ ಮಾಡೋ ಲೈನುಗಳನ್ನೆಲ್ಲಾ ಸುಮ್ನಾಗಿಸ್ಬುಟ್ಟೆ. ಇದ್ರೆ ತಗೋ, ಇಲ್ದಿದ್ರೆ ಮುಂದಕ್ಕೋಗು ಅಂತ. ನೀಟಾಗಿ ಸಕ್ಸಸ್ ಅಂತ ಬಂತು."

"ಸಕ್ಸಸ್ ಅಂತ ಬರೆದಿಟ್ಟಿದ್ದು ನಾನೇ. ಅದು ಕೊನೇ ಲೈನು. ಅಲ್ಲಿವರೆಗೆ ಬಂದ್ರೆ ಅದು ಇನ್ನೇನು ಹೇಳುತ್ತೆ?"

"ಕನ್ನಡ ಚೆನ್ನಾಗೇ ಓದ್ತಲ್ಲ ಮೇಡಂ..."

ಹರೀಶ್ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ರುಕ್ಮಿಣಿ ಅದನ್ನು ಅಲ್ಲೇ ಒಪ್ಪಿದರು. ಕಣ್ಣು ಕಾಣದವರ ಓದುಮನೆಯಲ್ಲಿ, ಯಾರೂ ಮುದ್ರಿಸದ ಕೈಪಿಡಿಗಾಗಿ ಇಡೀ ತಂತ್ರಾಂಶವನ್ನೇ ತಡೆಹಿಡಿಯುವಂತೆ ಬರೆದವರು ಅವರೇ. "ನಾನು ಬರೆಯುವಾಗ ನನ್ನ ಮನೆ ಕಂಪ್ಯೂಟರಿನಲ್ಲಿ ಎಲ್ಲಾ ಇತ್ತು. ಹಾಗಾಗಿ ಎಲ್ಲರ ಹತ್ರಾನೂ ಎಲ್ಲಾ ಇರುತ್ತೆ ಅಂದ್ಕೊಂಡೆ," ಎಂದರು.

ಇನ್ನರ್ಧ ಸರಿ ಇರಲಿಲ್ಲ. ಕೈಪಿಡಿಯ ತಪಾಸಣೆಯ ಜೊತೆಗೆ ಇಂಗ್ಲಿಷಿನ ತಪಾಸಣೆಯ ಬಾಯಿಯೂ ಮುಚ್ಚಿಹೋಗಿತ್ತು. ಈ ಹಳೆಯ ಯಂತ್ರಗಳಿಗೆ ಹೊಂದುವ ಇಂಗ್ಲಿಷ್ ಭಾಗ ಈಗ ಸಿಗುವುದಿಲ್ಲವಂತೆ. ಅದಿಲ್ಲದೆಯೇ ತಂತ್ರಾಂಶ ಎದ್ದು ನಿಂತಿತು. ಮಾತಾಡಿತು. ಇಂಗ್ಲಿಷ್ ಅಕ್ಷರ ಬಂದಲ್ಲಿ ಮೌನವಾಗಿ ಹಾರಿತು. ತಾನು ಹಾರುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ.

ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ ಎಂದು ಒಲೆಯನ್ನೇ ಹಚ್ಚದಿರುವುದು ಒಂದು ಬಗೆಯ ತಪ್ಪು. ಬೇಳೆಯೇ ಇಲ್ಲದ ನೀರನ್ನು ಬೇಳೆಸಾರು ಎಂದು ಬಡಿಸುವುದು ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಹಸಿವಿನಿಂದ ಏಳುತ್ತೀರಿ, ಸಿಟ್ಟಾಗುತ್ತೀರಿ, ಹೋಟೆಲಿಗೆ ಹೋಗುತ್ತೀರಿ. ಎರಡನೆಯದರಲ್ಲಿ? ಕಣ್ಣು, ನಾಲಿಗೆ ಇದ್ದವರಿಗೆ ಗೊತ್ತಾಗುತ್ತದೆ. ಗೊತ್ತಾಗುವ ದಾರಿಯೇ ಇಲ್ಲದವರು ಉಂಡು ಎದ್ದು, ತಪ್ಪು ಕಟ್ಟಡದ ಮುಂದೆ ಹೋಗಿ ನಿಲ್ಲುತ್ತಾರೆ.

ನಾವು ಬದುಕುವುದು ಈ ಎರಡು ತಪ್ಪುಗಳ ನಡುವೆಯೇ. ಕೌಂಟರಿಗೆ ಹೋದರೆ ಒಂದು ಜೆರಾಕ್ಸ್ ಇಲ್ಲ ಎಂದು ವಾಪಸ್ ಕಳಿಸುತ್ತಾರೆ. ತಂದುಕೊಟ್ಟರೆ ಫೋಟೊ ಇಲ್ಲ ಎನ್ನುತ್ತಾರೆ. ಅದನ್ನೂ ತಂದರೆ ಸಹಿ ಹಾಕುವವರಿಲ್ಲ. ಬೇಕಾದ್ದನ್ನೆಲ್ಲ ಮೊದಲೇ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಯಾರ ಗಂಟು ಹೋಗುತ್ತದೆ? ಇನ್ನೊಂದು ಕಡೆ, ಕೆಲಸ ಆಗದಿದ್ದರೂ 'ನಿಮ್ಮ ದೂರು ಬಗೆಹರಿದಿದೆ' ಎಂಬ ಮೆಸೇಜ್ ಮೊಬೈಲಿಗೆ ಬಂದು ಬೀಳುತ್ತದೆ. ನಲ್ಲಿ ಇನ್ನೂ ಸೋರುತ್ತಿರುತ್ತದೆ.

ಇದಕ್ಕಿಂತ ನಮ್ಮ ಬಡಾವಣೆಯ ಹೋಟೆಲಿನ ಸಪ್ಲೈಯರ್ ಮೇಲು. ಕೂತ ತಕ್ಷಣ ಹೇಳುತ್ತಾರೆ: "ಪಲ್ಯ ಮುಗಿದಿದೆ ಸಾರ್, ಮಸಾಲೆ ದೋಸೆ ಆಗಲ್ಲ. ಸೆಟ್ ದೋಸೆ ಆಗುತ್ತೆ, ಖಾಲಿ ದೋಸೆ ಆಗುತ್ತೆ. ಏನ್ ತರ್ಲಿ?" ಪಲ್ಯ ಇಲ್ಲವೆಂದು ಅವರು ಹೋಟೆಲ್ ಮುಚ್ಚಲಿಲ್ಲ. ಪಲ್ಯವಿಲ್ಲದ ದೋಸೆಯನ್ನು ಮಡಚಿ ತಂದು ಮಸಾಲೆ ದೋಸೆ ಎನ್ನಲೂ ಇಲ್ಲ.

ನಾನು ಕೆಲಸ ಮಾಡುವ ಪತ್ರಿಕೆಯ ಸುದ್ದಿಮನೆಯಲ್ಲಿ ನಮಗೆ ಕಲಿಸಿದ್ದೂ ಇಷ್ಟೇ. ವರದಿ ಸಿದ್ಧವಿದೆ, ಆರೋಪ ಹೊತ್ತವರ ಮಾತು ಸಿಕ್ಕಿಲ್ಲ. ಪುಟವನ್ನು ನಿಲ್ಲಿಸುವಂತಿಲ್ಲ. ಅವರು ಹೀಗೆ ಹೇಳಿರಬಹುದು ಎಂದು ನಾವೇ ಬರೆಯುವಂತಿಲ್ಲ. ಅವರನ್ನು ಕೇಳಿಯೇ ಇಲ್ಲವೇನೋ ಎಂಬಂತೆ ಸುಮ್ಮನಿರುವಂತೆಯೂ ಇಲ್ಲ. 'ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ' ಎಂದು ಒಂದು ಸಾಲು ಬರೆದು ಮುಂದೆ ಹೋಗಬೇಕು. ಓದುಗರಿಗೆ ಆಗ ವರದಿಯ ಅಳತೆ ಸಿಗುತ್ತದೆ. ಆದರೆ ಆರೋಪವೇ ಖಚಿತವಿಲ್ಲದಿದ್ದರೆ? ಆಗ ವರದಿಯೇ ಇಲ್ಲ. ಯಾವುದು ಇಲ್ಲದಿದ್ದರೆ ನಿಲ್ಲಬೇಕು, ಯಾವುದು ಇಲ್ಲದಿದ್ದರೆ ಹೇಳಿ ಮುಂದುವರಿಯಬೇಕು ಎಂದು ಬೇರ್ಪಡಿಸುವುದೇ ಸುದ್ದಿ ತಿದ್ದುವ ಡೆಸ್ಕಿನ ಕೆಲಸದ ಮುಕ್ಕಾಲು ಪಾಲು.

ರುಕ್ಮಿಣಿ ಸ್ಕ್ರಿಪ್ಟನ್ನು ತಿದ್ದಿದರು. ದನಿ ಹೊರಡಿಸುವ ಭಾಗ ಇಲ್ಲದಿದ್ದರೆ ಕೆಲಸ ಶುರುವಿನಲ್ಲೇ ನಿಲ್ಲುತ್ತದೆ, ಅರ್ಧ ದಾರಿಯಲ್ಲಿ ಅಲ್ಲ. ಏನೇನು ಇಲ್ಲವೋ ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಎಲ್ಲಿ ಸಿಗುತ್ತದೆ ಎಂದೂ ಹೇಳುತ್ತದೆ. ಕೈಪಿಡಿಯ ಉಪಕರಣ ಇಲ್ಲದಿದ್ದರೆ ಕೈಪಿಡಿ ಬಿಟ್ಟು ಉಳಿದದ್ದನ್ನು ಕಟ್ಟುತ್ತದೆ. ಇಂಗ್ಲಿಷ್ ಇಲ್ಲದಿದ್ದರೆ ಕನ್ನಡವನ್ನಷ್ಟೇ ಕಟ್ಟಿ, ಕೊನೆಯಲ್ಲಿ ಬರೀ 'ಸಕ್ಸಸ್' ಎನ್ನದೆ, 'ಇಂಗ್ಲಿಷ್ ಓದುವ ಭಾಗ ಸೇರಿಲ್ಲ' ಎಂದು ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸುತ್ತದೆ.

ಮುಂದಿನ ಶನಿವಾರ ಅದನ್ನು ಓದುಮನೆಯಲ್ಲಿ ಓಡಿಸಿ, ನಮಗೆಲ್ಲ ವಿವರಿಸಿದರು. ನನಗೆ ಸರಿ ಎನಿಸಿತು. ಹರೀಶ್ ತಲೆಯಾಡಿಸಿದರು.

"ದಪ್ಪಕ್ಷರದಲ್ಲಾ?" ಎಂದರು ಪುಟ್ಟಸ್ವಾಮಿ.

"ಹೌದು, ಕೆಂಪು ಬಣ್ಣದಲ್ಲಿ ಬರುತ್ತೆ."

"ಚೆಂದಾಗೈತೆ ಮೇಡಂ. ಯಾರು ನೋಡ್ತಾರೆ ಅದನ್ನ?"

ರುಕ್ಮಿಣಿ ಪರದೆಯ ಕಡೆ ನೋಡಿದರು. ಕೆಳಗೆ ಗಿರಣಿ ಓಡುತ್ತಿತ್ತು.

"ಇನ್‌ಸ್ಟಾಲ್ ಮಾಡೋ ದಿನ ಹರೀಶಣ್ಣ ನೋಡ್ತಾರೆ. ನೋಡಿ, ಸರಿ ಅಂದು, ಅಂಗಡಿಗೆ ಹೊರಟೋಗ್ತಾರೆ. ಆಮೇಲೆ ದಿನಾ ಕೂರೋದು ನಾವಲ್ವಾ? ಇಲ್ಲ ಅನ್ನೋದು ಗೊತ್ತಾಗಬೇಕಾಗಿರೋದು ನಮಗೆ. ನಮಗೆ ಎಂಗೆ ಗೊತ್ತಾಗುತ್ತೆ ಮೇಡಂ, ಕೆಂಪು ಬಣ್ಣ ಮೂಗಿಗೆ ಬತ್ತದಾ?"

ರುಕ್ಮಿಣಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ನಿಜ. ಅದನ್ನ ಯೋಚನೇನೇ ಮಾಡಿರಲಿಲ್ಲ," ಎಂದರು. ಕಟ್ಟುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಎಚ್ಚರಿಕೆಗಳೆಲ್ಲ ಕಟ್ಟುವವರ ಕಿವಿಗೆ ಹೇಳಿ ಮುಗಿಯುತ್ತವೆ. ಔಷಧ, ಸೇತುವೆ, ಲಿಫ್ಟ್, ಎಲ್ಲದರ ಕಥೆಯೂ ಹೀಗೇ ಅಲ್ಲವೇ?

ಹಾಗಾಗಿ ತಂತ್ರಾಂಶಕ್ಕೆ ಇನ್ನೊಂದು ಗುಣ ಸೇರಿತು. ಬಿಲ್ಡ್ ಸ್ಕ್ರಿಪ್ಟ್ ತಾನು ಏನನ್ನು ಬಿಟ್ಟಿದೆ ಎಂಬುದನ್ನು ತಂತ್ರಾಂಶದ ಒಳಗೇ ಬರೆದಿಡುತ್ತದೆ. ಯಂತ್ರ ತೆರೆದೊಡನೆ ದನಿಯೇ ಅದನ್ನು ಹೇಳುತ್ತದೆ: "ಈ ಯಂತ್ರದಲ್ಲಿ ಇಂಗ್ಲಿಷ್ ಓದುವ ಭಾಗ ಇಲ್ಲ." ನಡುವೆ ಇಂಗ್ಲಿಷ್ ಸಾಲು ಬಂದರೆ ನಿಂತು, "ಇಲ್ಲಿ ಒಂದು ಸಾಲು ಓದಿಲ್ಲ" ಎಂದು ಹೇಳಿ ಮುಂದೆ ಹೋಗುತ್ತದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಉದ್ಘಾಟನೆ ಬಾಕಿ ಇತ್ತು.

ನಮ್ಮಲ್ಲಿ ವಸ್ತು ಮೊದಲು ಬರುತ್ತದೆ, ಬಳಕೆಗೆ ಬೀಳುತ್ತದೆ, ಸ್ವಲ್ಪ ಹಳತಾಗುತ್ತದೆ, ಆಮೇಲೆ ಉದ್ಘಾಟನೆಯಾಗುತ್ತದೆ. ದಾನ ಕೊಟ್ಟ ಸಂಘದ ಅಧ್ಯಕ್ಷರು ಕಳೆದ ಭಾನುವಾರಕ್ಕೆ ಸಮಾರಂಭ ಇಟ್ಟುಕೊಂಡಿದ್ದರು. ಹೊರಗಿನಿಂದ ಅತಿಥಿ. ದೀಪ ಬೆಳಗುವುದು, ಆಮೇಲೆ ಗುಂಡಿ ಒತ್ತುವುದು, ಕಂಪ್ಯೂಟರ್ ಮಾತಾಡುವುದು. ಹಿಂದಿನ ದಿನ ತಾಲೀಮು ನೋಡಲು ಅವರೇ ಬಂದರು. ಒಳ್ಳೆಯ ಮನುಷ್ಯ. ಬರುವಾಗ ಎಲ್ಲರಿಗೂ ಬಿಸಿ ಬಿಸಿ ಬೋಂಡ ತಂದಿದ್ದರು.

ಗುಂಡಿ ಒತ್ತಿದರು. "ಈ ಯಂತ್ರದಲ್ಲಿ ಇಂಗ್ಲಿಷ್ ಓದುವ ಭಾಗ ಇಲ್ಲ" ಎಂದಿತು ದನಿ.

ಅಧ್ಯಕ್ಷರ ಕೈ ಬೋಂಡದ ಮೇಲೆಯೇ ನಿಂತಿತು.

"ಇದೇನಮ್ಮಾ ಇದು? ಶುಭಕಾರ್ಯದಲ್ಲಿ ಮೊದಲನೇ ಮಾತೇ 'ಇಲ್ಲ' ಅಂತನಾ?"

"ಇಲ್ಲ ಸಾರ್, ಅದಕ್ಕೆ ಇಲ್ಲ ಅನ್ನುತ್ತೆ," ಎಂದರು ರುಕ್ಮಿಣಿ.

"ಮನೇಲಿ ಅಕ್ಕಿ ಖಾಲಿಯಾದ್ರೂ ಖಾಲಿ ಅಂತೀವೇನಮ್ಮ? ತುಂಬಿದೆ ಅಂತೀವಿ. ಒಂದು ರೀತಿ ನೀತಿ ಇರುತ್ತಲ್ವಾ? ನಾಳೆ ಒಂದಿನದ ಮಟ್ಟಿಗೆ ಆ ಮಾತು ತೆಗೆದ್ಬುಡಿ. ಸೋಮವಾರ ಬೇಕಾದ್ರೆ ಹಾಕ್ಕೊಳಿ."

ಅಧ್ಯಕ್ಷರು ಹೇಳಿದ ರೂಢಿ ನಿಮಗೂ ನನಗೂ ಗೊತ್ತಿರುವುದೇ. ಬಳೆ ಒಡೆದರೆ 'ಹೆಚ್ಚಿತು' ಎನ್ನುತ್ತೇವೆ. ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತೇವೆ. ನಮ್ಮ ತಾಯಿ ಡಬ್ಬಿಯ ತಳ ಕೆರೆಯುತ್ತಾ "ಅಕ್ಕಿ ತುಂಬಿದೆ" ಎಂದರೆ, ತಂದೆ ಮಾತಿಲ್ಲದೆ ಚೀಲ ತೆಗೆದುಕೊಂಡು ಅಂಗಡಿಗೆ ಹೊರಡುತ್ತಿದ್ದರು. ಚೆಂದದ ರೂಢಿ. ಆದರೆ ಅದು ನಡೆಯುವುದು ಹೇಳುವವರಿಗೂ ಕೇಳುವವರಿಗೂ ಒಳಗಿನ ಅರ್ಥ ಗೊತ್ತಿದ್ದಾಗ ಮಾತ್ರ. ಗೊತ್ತಿಲ್ಲದವರು 'ತುಂಬಿದೆ' ಎಂಬ ಮಾತನ್ನು ನಂಬಿ ಎಸರಿಗೆ ನೀರಿಟ್ಟು ಕೂತರೆ?

"ತೆಗೆಯೋಲ್ಲ ಸಾರ್," ಎಂದರು ರುಕ್ಮಿಣಿ.

"ಒಂದಿನ ಕಣಮ್ಮಾ!"

"ಇವರು ತಪ್ಪು ಬಿಲ್ಡಿಂಗ್ ಮುಂದೆ ನಿಂತಿದ್ದೂ ಒಂದಿನಾನೇ."

ಅಧ್ಯಕ್ಷರು ಹರೀಶ್ ಕಡೆ ನೋಡಿದರು. ಈ ಸಲ ಹರೀಶ್ ಗೋಡೆಯ ಕಡೆ ನೋಡಿದರು. "ನನ್ನ ಕೈಲಿ ಆಗಲ್ಲ ಸಾರ್. ಒಂದ್ಸಲ ಮಾಡಿದ್ದೇ ಸಾಕಾಗಿದೆ."

ಆಗ ಪುಟ್ಟಸ್ವಾಮಿ ಎದ್ದು ನಿಂತರು. ದನಿ ಏರಿಸಲಿಲ್ಲ.

"ಅಧ್ಯಕ್ಷರೇ, ನೀವು ಕೊಟ್ಟಿರೋ ಮೆಷಿನ್‌ಗೆ ನಮಸ್ಕಾರ. ಇವಿಲ್ದಿದ್ರೆ ನಮಗೆ ಬೇರೆ ಇಲ್ಲ, ಅದೂ ಗೊತ್ತು. ಆದ್ರೆ ಆ ಮಾತು ಬೇಕು. ಆ ಮಾತು ಬುಟ್ರೆ ಮೆಷಿನ್ ಇರುತ್ತೆ, ಇಟ್ಕೊಂಡ್ರೆ ಮೆಷಿನ್ ಹೋಗುತ್ತೆ ಅನ್ನಂಗಿದ್ರೆ, ಈಗ್ಲೇ ಗಾಡಿ ತರಿಸಿ. ಎಲ್ಲರೂ ಸೇರಿ ಕೆಳಗಿಳಿಸ್ಕೊಡ್ತೀವಿ."

"ಅಯ್ಯೋ, ನಾನು ಹಂಗಂದ್ನೇನಪ್ಪಾ?"

"ಇಲ್ಲ ಅನ್ನೋದು ಅಪಶಕುನ ಅಂದ್ರಿ. ನಮಗೆ ಇಲ್ಲ ಅಂತ ಹೇಳ್ದೇ ಇರೋದೇ ಅಪಶಕುನ ಸಾರ್. ಇಲ್ಲ ಅಂದ್ರೆ ಇನ್ಯಾರನ್ನಾದ್ರೂ ಕೇಳ್ಕೋತೀವಿ. ಸುಮ್ನಿದ್ರೆ ಏನ್ ಮಾಡನ?"

ಅಧ್ಯಕ್ಷರು ಬೋಂಡ ತಿಂದು ಮುಗಿಸಿ, ನಾಳೆ ನೋಡೋಣ ಎಂದು ಹೊರಟರು. ಓದುಮನೆಯಲ್ಲಿ ಆ ಸಂಜೆ ಯಾರಿಗೂ ಖಾತ್ರಿ ಇರಲಿಲ್ಲ. ಕೆಲವರು ಪುಟ್ಟಸ್ವಾಮಿಯ ಮೇಲೆ ಗೊಣಗಿದ್ದೂ ಉಂಟು. "ಒಬ್ಬನ ಹಟಕ್ಕೆ ಎಲ್ಲರ ಮೆಷಿನ್ ಹೋದ್ರೆ?" ಎಂದು. ಅದೂ ದಾಖಲಾಗಬೇಕು.

ಭಾನುವಾರ ಸಮಾರಂಭ ನಡೆಯಿತು. ದೀಪ ಹತ್ತಿತು. ಅತಿಥಿ ಗುಂಡಿ ಒತ್ತಿದರು. ದನಿ ತನ್ನ ಮೊದಲ ಮಾತನ್ನು ಹೇಳಿತು. ಅತಿಥಿ ಅಧ್ಯಕ್ಷರ ಕಡೆ ಬಾಗಿ, ಏನಂತು ಎಂದು ಕೇಳಿದರು. ಅಧ್ಯಕ್ಷರು ಒಂದು ಕ್ಷಣ ಯೋಚಿಸಿ, ಮೈಕಿಗೆ ಕೇಳುವಂತೆಯೇ ಹೇಳಿದರು: "ಅದು ಹೊಸ ಫೀಚರ್ ಸಾರ್. ತನಗೆ ಏನು ಬರಲ್ಲ ಅನ್ನೋದನ್ನ ಅದೇ ಹೇಳ್ಕೊಳುತ್ತೆ."

ಚಪ್ಪಾಳೆ ಬಿತ್ತು. ಯಂತ್ರಗಳು ಓದುಮನೆಯಲ್ಲೇ ಇವೆ.

ಇನ್ನು ಕಾಲೇಜಿನ ವಿಷಯ. ಪುಟ್ಟಸ್ವಾಮಿ ಮರುಪರೀಕ್ಷೆ ಕೇಳಿ ಅರ್ಜಿ ಕೊಟ್ಟಿದ್ದರು. ಪ್ರಾಂಶುಪಾಲರನ್ನು ನಾನು ಫೋನಿನಲ್ಲಿ ಕೇಳಿದೆ. ಅವರ ಮಾತು ಇದು: "ನೋಟಿಸ್ ಎಲ್ಲರಿಗೂ ಒಂದೇ. ಉಳಿದವರೆಲ್ಲ ಸರಿಯಾದ ಜಾಗಕ್ಕೇ ಬಂದಿದ್ದಾರೆ. ಒಬ್ಬರ ಸಾಫ್ಟ್‌ವೇರಿಗೆ ಕಾಲೇಜು ಹೇಗೆ ಜವಾಬ್ದಾರಿ? ಆದರೂ ಪರಿಶೀಲಿಸುತ್ತೇವೆ."

ಅರ್ಜಿ ಕೊಡುವ ದಿನ ನಾನೂ ಜೊತೆಗಿದ್ದೆ. ಕಚೇರಿಯ ಗುಮಾಸ್ತರು ಅದನ್ನು ಓದಿ, ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು. "ಪುಟ್ಟಸ್ವಾಮಿ, ಕೆಳಗೆ 'ನನ್ನ ಅಂಗವೈಕಲ್ಯವನ್ನು ಪರಿಗಣಿಸಿ ಮಾನವೀಯ ದೃಷ್ಟಿಯಿಂದ' ಅಂತ ಒಂದು ಲೈನ್ ಸೇರಿಸ್ಬುಡಿ. ಬೇಗ ಆಗೋಗುತ್ತೆ."

"ಸೇರಿಸಲ್ಲ ಸಾರ್."

"ಯಾಕ್ರೀ? ಕೆಲಸ ಆಗಬೇಕೋ ಬೇಡ್ವೋ?"

"ಆಗಬೇಕು. ಆದ್ರೆ ಮಾನವೀಯತೆ ನಿಮ್ ಕಾಲಕ್ಕೆ ಇರುತ್ತೆ. ನಾಳೆ ನಿಮ್ ಜಾಗಕ್ಕೆ ಬರೋರಿಗೆ ಇರುತ್ತೋ ಇಲ್ವೋ. ನೋಟಿಸು ಅರ್ಧ ಒಂದು ಭಾಷೇಲಿ, ಅರ್ಧ ಒಂದು ಭಾಷೇಲಿ ಇತ್ತು, ಅದು ತಪ್ಪು ಅಂತ ಬರೆಸಿವ್ನಿ. ಅದಕ್ಕೆ ಉತ್ತರ ಕೊಡಿ, ಸಾಕು."

"ಲಾಯರ್ ಆಗೋಕೆ ಮುಂಚೇನೇ ಲಾಯರ್ ಆಗೋದ್ರಲ್ಲ ನೀವು!"

"ಏನ್ ಮಾಡನ ಸಾರ್, ನೀವು ಬುಡ್ತಿಲ್ವಲ್ಲ ಆಗಕ್ಕೆ."

ಗುಮಾಸ್ತರು ನಕ್ಕು, ಅರ್ಜಿಗೆ ಮೊಹರು ಒತ್ತಿ ಒಳಗೆ ಕಳಿಸಿದರು. ಅದರಲ್ಲಿ ಎರಡೇ ಬೇಡಿಕೆ ಇದ್ದವು. ಒಂದು, ಮರುಪರೀಕ್ಷೆ. ಇನ್ನೊಂದು, ಇನ್ನು ಮುಂದೆ ನೋಟಿಸುಗಳನ್ನು ಪೂರ್ತಿಯಾಗಿ ಒಂದೇ ಭಾಷೆಯಲ್ಲಿ ಕೊಡುವುದು.

ಈ ವಾರ ಕಾಲೇಜು ಎರಡನ್ನೂ ಒಪ್ಪಿಕೊಂಡಿದೆ. ಮರುಪರೀಕ್ಷೆಯ ದಿನ ಮತ್ತು ಸ್ಥಳ ತಿಳಿಸುವ ನೋಟಿಸ್ ಶುಕ್ರವಾರ ಮಧ್ಯಾಹ್ನ ಪುಟ್ಟಸ್ವಾಮಿಗೆ ಬಂದಿದೆ.

ಅದು ಪೂರ್ತಿಯಾಗಿ ಇಂಗ್ಲಿಷಿನಲ್ಲಿದೆ.